ಎತ್ತು ತಿರುಗುವಷ್ಟು ಜಾಗ

ನೆತ್ತಿಗೆ ತಟ್ಟಿದ ಹರಳೆಣ್ಣೆ ಹಣೆಯಿಂದ ಇಳಿದು ಎಡಗಣ್ಣಿಗೆ ಹೋಯಿತು. ಪುಟ್ಟಸ್ವಾಮಿ ಉಜ್ಜಿಕೊಳ್ಳಲಿಲ್ಲ. ಯುಗಾದಿಯ ಬೆಳಗು, ಹಿತ್ತಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದ. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ತೆರೆದು ನೋಡಿದ. ಬಲಗಣ್ಣಿಗೆ ಬೇಲಿ ಕಂಡಿತು, ಬೇಲಿಯಾಚೆ ಹೊಲ ಕಂಡಿತು, ಹೊಲದ ತುಂಬ ಸುಣ್ಣ ಬಳಿದು ಕೆಂಪು ನಂಬರು ಬರೆದ ಸೈಟುಗಲ್ಲುಗಳು ಕಂಡವು. ಎಡಗಣ್ಣಿಗೆ, ಆ ಎಣ್ಣೆಯ ಮಂಜಿನಲ್ಲಿ, ಹೊಲ ಮಾತ್ರ. ಕಲ್ಲೇ ಇಲ್ಲ. ಅಪ್ಪನ ಕಾಲದ ಹಾಗೆ ಕೆಂಪಗೆ, ಉದ್ದಕ್ಕೆ, ಇನ್ನೂ ಎದ್ದಿಲ್ಲ ಅನ್ನುವ ಹಾಗೆ ಮಲಗಿತ್ತು. ಅವನಿಗೆ ಇದೊಂದು ಆಟ ಸಿಕ್ಕ ಹಾಗಾಯಿತು. ಬಲಗಣ್ಣು ಮುಚ್ಚಿದರೆ ಹೊಲ, ಎಡಗಣ್ಣು ಮುಚ್ಚಿದರೆ ಲೇಔಟು. ಅರವತ್ತು ದಾಟಿದ ಗಂಡಸು ಹೀಗೆ ಕಣ್ಣು ಮಿಟುಕಿಸುತ್ತಾ ಕೂತದ್ದನ್ನು ಕಂಡು ಹೆಂಡತಿ ಜಯಲಕ್ಷ್ಮಮ್ಮ ನೆತ್ತಿಯ ಮೇಲೆ ಇನ್ನೊಂದು ಪೆಟ್ಟು ಜೋರಾಗೇ ತಟ್ಟಿದಳು. "ಯಾರಿಗ್ರೀ ಕಣ್ಣೊಡೀತಾ ಕುಂತಿರೋದು? ಹೊನ್ನಾರು ಹೂಡೋ ಯಜಮಾನ್ರು, ಒಸಿ ನೆಟ್ಟಗೆ ಕುಂತ್ಕಳಿ," ಅಂದಳು. ಹೊನ್ನಾರು ಅನ್ನುವಾಗ ಅವಳ ದನಿಯಲ್ಲಿ ಹೆಮ್ಮೆಯೂ ಇತ್ತು, ಏನೋ ಒಂದು ಅಳುಕೂ ಇತ್ತು. ಅಳುಕು ತನ್ನದೇ ಇರಬೇಕು, ಅವಳ ದನಿಗೆ ಅಂಟಿಸುತ್ತಿದ್ದೇನೆ ಅಂದುಕೊಂಡ.

ಅತ್ತಿಹುಂಡಿಯಲ್ಲಿ ಹೊನ್ನಾರು ಅಂದರೆ ವರ್ಷದ ಮೊದಲ ನೇಗಿಲು. ಅಯ್ಯನವರು ಪಂಚಾಂಗ ನೋಡಿ ಈ ಸಲ ಯಾರ ಹೆಸರಿಗೆ ಬಲವಿದೆ ಅಂತ ಹೇಳುತ್ತಾರೆ. ಹೆಸರು ಬಂದವನು ಮುಂದೆ, ಊರಿನ ಮಿಕ್ಕ ನೇಗಿಲುಗಳೆಲ್ಲ ಹಿಂದೆ. ಅವನ ಹೊಲದಲ್ಲಿ ಅವನು ಮೂರು ಸುತ್ತು ಉಳಬೇಕು, ಆಮೇಲೆ ಉಳಿದವರು ಅವರವರ ಹೊಲಕ್ಕೆ ಚದುರಬೇಕು. ಎತ್ತು ಸಾಕುವವರು ಕಡಿಮೆಯಾಗಿ, ಹುಣಸೂರಿಂದ ಬಾಡಿಗೆ ಟ್ರ್ಯಾಕ್ಟರು ಬಂದು ಅರ್ಧ ಹಗಲಿಗೆ ಊರನ್ನೇ ಉತ್ತು ಹೋಗುವ ಕಾಲದಲ್ಲೂ ಯುಗಾದಿಯ ಈ ಮೂರು ಸುತ್ತಿಗೆ ಮಾತ್ರ ಎತ್ತೇ ಆಗಬೇಕು, ಮರದ ನೇಗಿಲೇ ಆಗಬೇಕು. ಪುಟ್ಟಸ್ವಾಮಿಯ ಹೆಸರು ಇದುವರೆಗೆ ಬಂದಿರಲಿಲ್ಲ. ಅಪ್ಪನ ಹೆಸರು ಒಮ್ಮೆ ಬಂದಿತ್ತು. ಆಗ ಅವನು ಹಿಂದೆ ಹಿಂದೆ ಓಡುತ್ತಾ ಸಾಲಿನಲ್ಲಿ ಮೇಲೆದ್ದ ತಂಪು ಮಣ್ಣಿಗೆ ಕಾಲಿಡುತ್ತಿದ್ದ. ಅಂಗಾಲಿಗೆ ಆ ತಂಪು ಈಗಲೂ ಗೊತ್ತು. ಕೆಲವು ಸಲ ಮಧ್ಯಾಹ್ನ ನಿದ್ದೆ ಹತ್ತುವ ಹೊತ್ತಿಗೆ ತಲೆಗಿಂತ ಮೊದಲು ಅಂಗಾಲು ಅಲ್ಲಿಗೆ ಹೋಗಿ ನಿಂತಿರುತ್ತದೆ.

ನೆನ್ನೆ ಸಂಜೆ ಸಣ್ಣಬೀರಯ್ಯ ಜಗಲಿಗೆ ಬಂದು ಕೂತಿದ್ದ. ಜೊತೆಯಲ್ಲಿ ದನ ಮೇಯಿಸಿದವನು, ಜೊತೆಯಲ್ಲಿ ಹೊಗೆಸೊಪ್ಪು ಬೇಯಿಸಿದವನು, ಈಗಲೂ ಒಂದು ಜೊತೆ ಹಳ್ಳಿಕಾರ್ ಎತ್ತು ಕಟ್ಟಿರುವವನು. ಬಂದವನು ಎಲೆಅಡಿಕೆ ಹಾಕಿ ನಿಧಾನಕ್ಕೆ ಅಗಿದು ಆಮೇಲೆ ಹೇಳಿದ. "ಅಯ್ನೋರು ಪಂಚಾಂಗ ನೋಡವ್ರೆ ಕಣ್ಲಾ. ಹೊನ್ನಾರು ನಿನ್ನೆಸ್ರಿಗೆ ಬಂದದೆ." ಪುಟ್ಟಸ್ವಾಮಿಗೆ ಎದೆ ಹಿಗ್ಗಿ ಬಂತು, ಒಳಗೆ ತಿರುಗಿ ಕಾಫಿ ಅಂತ ಕೂಗಿದ. ಅಷ್ಟರಲ್ಲಿ ಸಣ್ಣಬೀರಯ್ಯ, ಕಣ್ಣು ಕೊಡದೆ, ಬೀದಿಯ ಕಡೆ ನೋಡುತ್ತಾ, "ನಿಂಗೆ ತೊಂದ್ರೆ ಅನ್ನೋದಾದ್ರೆ ಮುಂದ್ಲೆಸ್ರು ನಂಜುಂಡೇಶಂದು. ಅವ್ನಿಗೇ ಬುಡಾನ. ಯಾರೂ ಏನೂ ಅನ್ಕಳಕಿಲ್ಲ," ಅಂದ.

"ತೊಂದ್ರೆ ಯಾತರದು?"

"ಯಾತರದೂ ಇಲ್ಲಪ್ಪ. ಹೊಲ... ಅಂಗಾಯ್ತಲ್ಲ, ಅದ್ಕೆ ಅಂದೆ."

"ಯಾಕ್ಲಾ, ನಂಗೆ ಹೊಲ ಇಲ್ವಾ?"

"ಇಲ್ಲ ಅಂದ್ನಾ ನಾನು? ಅದೆ ಬುಡು," ಅಂದ ಸಣ್ಣಬೀರಯ್ಯ. ಹಟ ಮಾಡುವ ಕೂಸಿಗೆ ಹೇಳುವ ಹಾಗೆ ಮೆತ್ತಗೆ ಅಂದ. "ನನ್ನೆತ್ತೇ ಒಡ್ಕಂಡು ಬತ್ತೀನಿ ಬೆಳಿಗ್ಗೆ."

ಆ 'ಅದೆ ಬುಡು' ರಾತ್ರಿಯೆಲ್ಲ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಅಡಿಕೆ ಚೂರಾಗಿತ್ತು. ಬೈದಿದ್ದರೆ ವಾಸಿಯಿತ್ತು. ಹುಣಸೂರಿನ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಈಚೆಗೆ ಅವನನ್ನು 'ಲೇಔಟ್ ಪುಟ್ಟಸಾಮಣ್ಣ' ಅನ್ನುತ್ತಾರೆ, ಅದೂ ಅವನಿಗೆ ಚುಚ್ಚುವುದಿಲ್ಲ. ನಿಜ ಹೇಳಬೇಕೆಂದರೆ ಮೊದಲೊಂದು ವಾರ ಆ ಹೆಸರು ಹಿತವಾಗಿಯೇ ಇತ್ತು, ಹೊಸ ಶರ್ಟು ಹಾಕಿಕೊಂಡ ಹಾಗೆ. ಆದರೆ ಸಣ್ಣಬೀರಯ್ಯ ಕನಿಕರಪಟ್ಟಿದ್ದ. ಕನಿಕರ ಪಡುವಂಥದ್ದು ನಾನೇನು ಮಾಡಿದೆ? ಈ ಪ್ರಶ್ನೆಯನ್ನು ಪುಟ್ಟಸ್ವಾಮಿ ಎಣ್ಣೆಗಣ್ಣಲ್ಲೇ ಹೊಲವನ್ನು ಕೇಳಿದ. ಮಾರಿಕೊಂಡು ಊರು ಬಿಟ್ಟವರ ಹಾಗೆ ಮಾಡಿದೆನೆ? ರಸ್ತೆಯುದ್ದಕ್ಕೂ ನೋಡಿ ಬೇಕಾದರೆ, ಬಂಡೆ ಉರುಳಿಸಿ, ಮರ ಕೆಡವಿ, ಆಳೆತ್ತರ ಕಾಂಪೌಂಡು ಎಬ್ಬಿಸಿದ್ದಾರೆ. ತಾನು ಹಾಗೆ ಮಾಡಿದವನಲ್ಲ. ಹುಣಸೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ತಮ್ಮ ಶಶಿಕುಮಾರ್ ಹೊಲ ಸೈಟು ಮಾಡೋಣ ಅಂತ ಬಂದಾಗ ಪುಟ್ಟಸ್ವಾಮಿ ಜಗಲಿಯ ಮೇಲೆ ಕೂತು ಷರತ್ತು ಹಾಕಿದ್ದ. ಕಾಂಪೌಂಡು ಕೂಡದು, ಬೇಲಿಯೇ ಇರಬೇಕು. ಬಂಡಿದಾರಿಗೆ ಟಾರು ಹಾಕಕೂಡದು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮನೆ ಕೆಡವಕೂಡದು. ನಡುಮಧ್ಯೆ ಒಂದು ಪಟ್ಟೆ ಹಾಗೇ ಬಿಡಬೇಕು, ವರ್ಷಾ ವರ್ಷಾ ಅದರಲ್ಲಿ ರಾಗಿ ಚೆಲ್ಲಬೇಕು. "ಹಳ್ಳಿತನ ಹೋಗಕೂಡ್ದು ಕಣಪ್ಪ," ಅಂದಿದ್ದ. ಆ ಮಾತು ಬಾಯಲ್ಲಿ ಬೆಲ್ಲದ ಹಾಗೆ ಕರಗಿತ್ತು. ಶಶಿಕುಮಾರ್ ಯಾವುದಕ್ಕೂ ಇಲ್ಲ ಅನ್ನಲಿಲ್ಲ, ಕಣ್ಣರಳಿಸಿದ. "ಅಣ್ಣ, ಜನ ಕೇಳ್ತಿರೋದೂ ಅದ್ನೇ! ನಾವು ಹೊಲ ಮಾರ್ತಿಲ್ಲ ಕಣಣ್ಣ, ಹಳ್ಳೀನ ಹಂಚ್ತಾ ಇದೀವಿ." ಮೇನ್ ರೋಡಿನ ಬೋರ್ಡಿನಲ್ಲಿ ಬರೆಸಿಯೂ ಬಿಟ್ಟ, ಹಳ್ಳಿ ಹಾಗೇ ಇರುತ್ತೆ, ನೀವು ಬನ್ನಿ, ಅಂತ. ಬಸ್ಸಿನಲ್ಲಿ ಹೋಗುವಾಗ ಬರುವಾಗ ಪುಟ್ಟಸ್ವಾಮಿ ಅದನ್ನು ಓದಿಕೊಳ್ಳುತ್ತಿದ್ದ. ತನ್ನ ಮಾತನ್ನೇ ಯಾರೋ ದೊಡ್ಡ ಅಕ್ಷರದಲ್ಲಿ ಬರೆದು ನಿಲ್ಲಿಸಿದಾಗ ಅದು ತನ್ನದಲ್ಲ ಅನಿಸುತ್ತಿತ್ತು, ಆದರೂ ಓದುತ್ತಿದ್ದ.

ಬಿಸಿನೀರು ಬಿತ್ತು. ಸೀಗೆಪುಡಿಯ ನೊರೆಯಲ್ಲಿ ಎಡಗಣ್ಣಿನ ಹೊಲ ಕೊಚ್ಚಿಕೊಂಡು ಹೋಯಿತು. ಎರಡು ಕಣ್ಣಿಗೂ ಕಲ್ಲೇ ಕಾಣತೊಡಗಿತು.

ಸಣ್ಣಬೀರಯ್ಯ ಎತ್ತುಗಳನ್ನು ಬಾಗಿಲಿಗೆ ತಂದಾಗ ಊರು ಆಗಲೇ ಎದ್ದು ಮಿಂದು ಹೊಸ ಬಟ್ಟೆಯಲ್ಲಿತ್ತು. ಕೊಂಬಿಗೆ ಬಣ್ಣ, ಕೊರಳಿಗೆ ಬೇವಿನ ಹೂವಿನ ಸರ, ನೇಗಿಲಿಗೆ ಅರಿಶಿನ. ಜಯಲಕ್ಷ್ಮಮ್ಮ ಎತ್ತಿನ ಕಾಲಿಗೆ ನೀರು ಹಾಕಿ, ಬೇವುಬೆಲ್ಲ ತಿನ್ನಿಸಿ, ಗಂಡನ ಬಾಯಿಗೂ ಅದೇ ಕೈಯಲ್ಲಿ ಇಟ್ಟಳು. ನೇಗಿಲ ಮೇಣಿಗೆ ಕೈಯಿಟ್ಟದ್ದೇ ಪುಟ್ಟಸ್ವಾಮಿಗೆ ಮೈಯೆಲ್ಲ ಹಗುರಾಯಿತು. ಸವೆದು ನುಣುಪಾದ ಆ ಹಿಡಿ, ಅದರ ಸಣ್ಣ ಓರೆ, ಕೈಗೆ ಬಂದು ಕೂತ ರೀತಿ, ಇಷ್ಟು ವರ್ಷ ಇದನ್ನು ಬಿಟ್ಟು ಹೇಗಿದ್ದೆ ಅನಿಸಿತು. ಮೆರವಣಿಗೆ ಹೊರಟಿತು. ತಮಟೆಯವರು ಮುಂದೆ, ಅವನ ಹಿಂದೆ ಊರಲ್ಲಿ ಉಳಿದಿರುವ ನೇಗಿಲುಗಳು, ಎತ್ತಿಲ್ಲದವರು ಬರಿಗೈಯಲ್ಲಿ. ಬಂಡಿದಾರಿಗೆ ಬಿದ್ದಾಗ ಹೊಂಗೆಯ ಚಿಗುರಿನಿಂದ ಬೆಳಕು ಹಸಿರಾಗಿ ಇಳಿಯುತ್ತಿತ್ತು, ಧೂಳು ಹೊನ್ನಾಗಿ ಏಳುತ್ತಿತ್ತು. ತಾನು ನಡೆಯುತ್ತಿಲ್ಲ, ದಾರಿಯೇ ಕಾಲ ಕೆಳಗೆ ಹಿಂದಕ್ಕೆ ಸರಿಯುತ್ತಿದೆ ಅನ್ನುವ ಹಾಗೆ ಅವನಿಗೆ ಆಗಿತ್ತು. ಬಲಕ್ಕೆ ಬ್ಯಾರನ್ನು ಬಂತು. ಸೊಪ್ಪು ಬೇಯುವ ಕಾಲದಲ್ಲಿ ಅಪ್ಪ ಬೆಂಕಿ ಕಾಯುತ್ತಾ ಅಲ್ಲೇ ಕೂತಿರುತ್ತಿದ್ದ, ಆ ಸಿಹಿ ಕಮಟು ವಾಸನೆ ಅಂಗಿಯಿಂದ ಒಗೆದರೂ ಹೋಗುತ್ತಿರಲಿಲ್ಲ. ಅವ್ವ ಬೈಯುತ್ತಲೇ ಆ ಅಂಗಿಯನ್ನು ಮೂಸಿ ನೋಡುತ್ತಿದ್ದಳು. ಈಗ ಬ್ಯಾರನ್ನಿನ ಗೋಡೆಗೆ ಕೆಮ್ಮಣ್ಣು ಬಳಿದು ಹಸೆಚಿತ್ತಾರ ಬರೆಸಿದ್ದಾರೆ, ಒಳಗೆ ಸೈಟು ನೋಡಲು ಬರುವವರಿಗೆ ಕುರ್ಚಿ ಹಾಕಿದ್ದಾರೆ. ಅಪ್ಪ ಒಳಗೇ ಇದ್ದಾನೆ, ಕುರ್ಚಿಯ ಮೇಲೆ ಕೂರಲು ನಾಚಿಕೊಂಡು ನೆಲದ ಮೇಲೆ ಕೂತಿದ್ದಾನೆ ಅನಿಸಿ ಪುಟ್ಟಸ್ವಾಮಿ ತಲೆ ಆ ಕಡೆ ತಿರುಗಿಸಲಿಲ್ಲ. ಷರತ್ತಿನಂತೆ ಎಲ್ಲವೂ ಇತ್ತು. ಬೇಲಿ ಇತ್ತು, ದಾರಿ ಇತ್ತು, ಬ್ಯಾರನ್ನು ಇತ್ತು. ಯಾವುದನ್ನೂ ಕಳೆದುಕೊಂಡಿಲ್ಲ ಅಂತ ತನಗೆ ತಾನೇ ಹೇಳಿಕೊಂಡ.

ಪಟ್ಟೆಯ ಹತ್ತಿರ ಶಶಿಕುಮಾರ್ ಜರಿಪಂಚೆ ಉಟ್ಟು ಕಾಯುತ್ತಿದ್ದ. ಪಕ್ಕದಲ್ಲಿ ಹತ್ತಿಸೀರೆಯ ಒಬ್ಬ ಹೆಂಗಸು, ಕೈಯಲ್ಲಿ ಫೋನು, ಮುಡಿಯಲ್ಲಿ ಬೇವಿನ ಹೂವು. "ಅಣ್ಣ, ಇವ್ರು ಬೃಂದಾ ಮೇಡಂ. ಮೈಸೂರಲ್ಲಿ ಕಾಲೇಜಲ್ಲಿದ್ರು. ಪಟ್ಟೆ ತುದೀಲಿರೋ ಸೈಟು ಇವ್ರದೇ," ಅಂದ. ಆಕೆ ಕೈಮುಗಿದು, "ನೀವು ಹಾಕಿದ ಷರತ್ತು ಕೇಳಿಯೇ ನಾನು ತಗೊಂಡಿದ್ದು ಯಜಮಾನ್ರೇ. ಈ ಹೊಲ ಹಾಗೇ ಉಳಿಸಿದ್ರಲ್ಲ, ದೊಡ್ಡ ಮನಸ್ಸು ನಿಮ್ಮದು," ಅಂದಳು. ಮಾತು ತುಟಿಯಿಂದ ಬಂದದ್ದಾಗಿರಲಿಲ್ಲ, ಕಣ್ಣು ತುಂಬಿಕೊಂಡು ಹೇಳಿದಳು. ಪುಟ್ಟಸ್ವಾಮಿ ಹಿಂದೆ ನಿಂತಿದ್ದ ಸಣ್ಣಬೀರಯ್ಯನ ಕಡೆ ನೋಡಿದ, ಕೇಳಿಸಿತೇನೋ ಅನ್ನುವ ಹಾಗೆ.

ಕಾಯಿ ಒಡೆದರು. ಕುಳ ನೆಲಕ್ಕೆ ಇಳಿಯಿತು. ಮೊದಲ ಹೆಜ್ಜೆಗೇ ಮಣ್ಣು ಬಾಯಿ ಬಿಟ್ಟು ಪಕ್ಕಕ್ಕೆ ಮಗುಚಿತು, ಒಳಗಿನ ಹಸಿ ವಾಸನೆ ಎದ್ದು ಬಂತು. ಎತ್ತು ಒಂದೇ ಹದದಲ್ಲಿ ಹೋಗುತ್ತಿದ್ದವು, ಕೊರಳ ಗೆಜ್ಜೆ ದೂರದಲ್ಲೆಲ್ಲೋ ಕೇಳುತ್ತಿತ್ತು, ಎರಡೂ ಕಡೆಯ ಬಿಳಿಕಲ್ಲುಗಳು ಮಂಜಾಗಿ, ಮಂಜು ಹೊಗೆಸೊಪ್ಪಿನ ಸಾಲಾಗಿ, ಸಾಲಿನಾಚೆ ಅಪ್ಪನ ಟವೆಲು ಕಂಡ ಹಾಗಾಗಿ, ಅವನು ಹೋಗುತ್ತಲೇ ಇದ್ದ. ಈ ಹೊಲಕ್ಕೆ ಕೊನೆಯಿಲ್ಲ, ಉತ್ತಷ್ಟೂ ಮುಂದಿದೆ ಅನಿಸುತ್ತಿತ್ತು. ಹಿಂದೆ ಯಾರೋ ಚಿಕ್ಕವರು ಸಾಲಿನಲ್ಲಿ ಕಾಲಿಟ್ಟು ಬರುತ್ತಿದ್ದ ಸದ್ದು. ಅದು ತಾನೇ. ಆಗ ಎತ್ತುಗಳು ನಿಂತವು.

ಮುಂದೆ ಕಲ್ಲಿತ್ತು. ಬೃಂದಾ ಮೇಡಂ ಸೈಟಿನ ಕಲ್ಲು. ಎತ್ತನ್ನು ಹೊರಳಿಸಲು ಪುಟ್ಟಸ್ವಾಮಿ ರೂಢಿಯಂತೆ ಮೇಣಿ ಎತ್ತಿ ನಾಲಗೆ ಲೊಚಗುಟ್ಟಿದ. ಬಲದೆತ್ತು ಒಂದು ಹೆಜ್ಜೆ ಸರಿದು, ಮೊಣಕಾಲಿಗೆ ಪಕ್ಕದ ಕಲ್ಲು ತಗುಲಿ, ಹಿಂದಕ್ಕೆ ಬಂತು. ಇನ್ನೊಮ್ಮೆ ಮಾಡಿದ. ಎಡಕ್ಕೆ ಕಲ್ಲು, ಬಲಕ್ಕೆ ಕಲ್ಲು. ಆಗ ಅವನಿಗೆ ತಿಳಿಯಿತು. ಪಟ್ಟೆಯನ್ನು ಅಳೆದವನು ಅವನೇ. ಎಂಜಿನಿಯರು ಎಷ್ಟು ಬಿಡಲಿ ಅಂದಾಗ ಹೊಲದ ನಡುವೆ ನಿಂತು ಎರಡೂ ತೋಳು ಚಾಚಿ ಒಂದು ಮಾರು, ಸರಿದು ನಿಂತು ಇನ್ನೊಂದು ಮಾರು, ಸಾಕು ಅಂದಿದ್ದ. ರಾಗಿ ಎಷ್ಟು ಸಾಲು ಬರುತ್ತದೆ ಅಂತ ಲೆಕ್ಕ ಹಾಕಿದ್ದ. ತೋಳು ಚಾಚಿದಾಗ ದಾನ ಕೊಡುವವನ ಹಾಗೆ ಎದೆಯುಬ್ಬಿತ್ತು. ಉಳುವ ಜಾಗವನ್ನೇನೋ ಬಿಟ್ಟಿದ್ದ, ಎತ್ತು ತಿರುಗುವ ಜಾಗವನ್ನು ಬಿಟ್ಟಿರಲಿಲ್ಲ. ಎಷ್ಟೋ ವರ್ಷದಿಂದ ಟ್ರ್ಯಾಕ್ಟರಿನವನು ಎಲ್ಲೋ ಹೋಗಿ ತಿರುಗಿಸಿಕೊಂಡು ಬರುತ್ತಿದ್ದ, ಇವನು ಬದುವಿನ ಮೇಲೆ ಕೂತು ನೋಡುತ್ತಿದ್ದ. ಹುಟ್ಟಿದಾಗಿನಿಂದ ಎತ್ತಿನ ಬಾಲ ಹಿಡಿದು ಬೆಳೆದವನು, ಎತ್ತು ತಿರುಗಬೇಕು ಅನ್ನುವುದನ್ನು ಮರೆತಿದ್ದ. ಬೇರೆ ಯಾರು ಮರೆತಿದ್ದರೂ ಆಗುತ್ತಿತ್ತು.

"ರಿವರ್ಸ್ ತಗೊಳಣ್ಣ," ಅಂದ ಶಶಿಕುಮಾರ್.

"ಎತ್ತಿಗೆ ರಿವರ್ಸ್ ಎಲ್ಲದೆ ಶಶಿ?" ಅಂದ ಸಣ್ಣಬೀರಯ್ಯ. ಯಾರೋ ನಕ್ಕರು, ಆಮೇಲೆ ನಗದೆ ಇದ್ದವರನ್ನು ನೋಡಿ ಸುಮ್ಮನಾದರು.

"ನೊಗ ಬಿಚ್ಚಿ ತಿರುಗ್ಸಿದ್ರೆ?" ಅಂದ ಶಶಿಕುಮಾರ್.

ಹೊನ್ನಾರು ಮುಗಿಯುವ ಮೊದಲು ನೊಗ ಬಿಚ್ಚುವುದುಂಟೆ! ಹೋದ ಸಾಲು ತಿರುಗಿ ಬರಬೇಕು, ಬರದಿದ್ದರೆ ಆ ವರ್ಷ ಮಳೆಯೂ ಹೋದದ್ದು ಬರುವುದಿಲ್ಲ ಅಂತ ಊರು ನಂಬಿದೆ. ಶಶಿಕುಮಾರ್ ಹತ್ತಿರ ಬಂದು ದನಿ ತಗ್ಗಿಸಿದ, "ಕಲ್ಲು ಮಾತ್ರ ಅಲ್ಲಾಡಿಸ್ಬೇಡ ಕಣಣ್ಣ, ರಿಜಿಸ್ಟ್ರಾಗಿದೆ." ಪುಟ್ಟಸ್ವಾಮಿ ತಿರುಗಿ ನೋಡಿದ. ಊರು ನಿಂತಿತ್ತು. ಅವನು ಮುಗಿಸದೆ ಅವರು ಯಾರೂ ಅವರವರ ಹೊಲಕ್ಕೆ ಹೋಗುವಂತಿರಲಿಲ್ಲ. ನಂಜುಂಡೇಶ ಆಕಾಶ ನೋಡುತ್ತಿದ್ದ. ಒಬ್ಬನೂ ಒಂದು ಕೆಟ್ಟ ಮಾತಾಡಲಿಲ್ಲ. ಎಲ್ಲರೂ ಮರ್ಯಾದೆಯಿಂದ ಬೇರೆ ಬೇರೆ ಕಡೆ ನೋಡುತ್ತಿದ್ದರು, ಮನೆಯೊಳಗೆ ಸಾವಾದಾಗ ಬಾಗಿಲಲ್ಲಿ ನಿಂತವರು ನೋಡುವ ಹಾಗೆ. ನೆನ್ನೆಯೇ ನಂಜುಂಡೇಶನಿಗೆ ಬಿಡು ಅಂದಿದ್ದರೆ ಆಗಿಹೋಗುತ್ತಿತ್ತು. ನಂಗೆ ಹೊಲ ಇಲ್ವಾ ಅಂತ ಕೇಳಿದ ಬಾಯಿ ಈಗ ಒಣಗಿತ್ತು. ಅವನಿಗೆ ನಾಚಿಕೆಯಾಯಿತು. ಅತ್ತುಬಿಡುತ್ತೇನೇನೋ ಅಂತ ಭಯವೂ ಆಯಿತು. ಎತ್ತುಗಳು ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ಬಾಲ ಬೀಸುತ್ತಿದ್ದವು.

"ಅವ್ವಾ," ಅಂದ. ಮೇಡಂ ಅನ್ನಬೇಕಿತ್ತು, ಬಾಯಿಗೆ ಬಂದದ್ದು ಅದು. "ಒಸಿ ನಿಮ್ಮ ಸೈಟ್ನಲ್ಲಿ ತಿರುಗಿಸ್ಕಳ್ಲಾ?"

ಬೃಂದಾ ಗಾಬರಿಯಿಂದ ಪಕ್ಕಕ್ಕೆ ಸರಿದಳು. "ಅಯ್ಯೋ ಕೇಳೋದೇನು ಯಜಮಾನ್ರೇ, ಧಾರಾಳವಾಗಿ ತಿರುಗಿಸ್ಕೊಳ್ಳಿ. ನಿಮ್ಮದೇ ಅಂದ್ಕೊಳ್ಳಿ," ಅಂದಳು.

ಅಷ್ಟು ಒಳ್ಳೆಯ ಮಾತಿಗೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಸಿಟ್ಟಾದರೂ ಬಂದಿದ್ದರೆ ಹಿಡಿದುಕೊಳ್ಳಲು ಒಂದು ಗೂಟವಾಗುತ್ತಿತ್ತು. ಶಶಿಕುಮಾರ್ ಮತ್ತು ಸಣ್ಣಬೀರಯ್ಯ ಎರಡು ಕಲ್ಲಿನ ನಡುವೆ ಎತ್ತುಗಳನ್ನು ಹುಷಾರಾಗಿ ದಾಟಿಸಿದರು. ಪುಟ್ಟಸ್ವಾಮಿ ನೇಗಿಲು ಎತ್ತಿಕೊಂಡು, ನೆಂಟರ ಮನೆಯ ನಡುಮನೆ ತುಳಿಯುವವನ ಹಾಗೆ ಹೆಜ್ಜೆಯಿಡುತ್ತಾ, ಆ ಸೈಟಿನಲ್ಲಿ ಅರ್ಧ ಸುತ್ತು ಬಂದು ಮತ್ತೆ ಪಟ್ಟೆಗೆ ಇಳಿದ. ಇಲ್ಲಿ ಹಿಂದೆ ಕಡಲೆಕಾಯಿ ಚೆನ್ನಾಗಿ ಬರುತ್ತಿತ್ತು. ಯಾರಿಗೂ ಹೇಳುವ ಮಾತಲ್ಲ ಅದು, ಆದರೂ ಎತ್ತಿಗೆ ಮೆಲ್ಲಗೆ ಹೇಳಿದ. ಆ ತುದಿಯಲ್ಲಿ ಬಂಡಿದಾರಿಯಿತ್ತು, ತಿರುಗುವುದು ಕಷ್ಟವಾಗಲಿಲ್ಲ.

ಎರಡನೇ ಸುತ್ತಿಗೆ ಮತ್ತೆ ಕಲ್ಲಿನ ಹತ್ತಿರ ಬಂದಾಗ ಬೃಂದಾ ಆಚೆ ತಿರುಗಿ ಫೋನಿನಲ್ಲಿ ಮಾತಾಡುತ್ತಿದ್ದಳು. ಹಬ್ಬದ ಶುಭಾಶಯ ಹೇಳುತ್ತಿದ್ದಳು, ನಗುತ್ತಿದ್ದಳು. ಒಂದು ಸಲ ಕೇಳಿದ್ದಾಗಿತ್ತು, ಹೋಗಬಹುದಿತ್ತು. ಪುಟ್ಟಸ್ವಾಮಿ ಎತ್ತನ್ನು ನಿಲ್ಲಿಸಿದ. ಯಾಕೆ ನಿಲ್ಲಿಸಿದೆ ಅಂತ ಅವನಿಗೂ ಗೊತ್ತಿಲ್ಲ, ಕೈ ತಾನಾಗಿ ಹಗ್ಗ ಎಳೆದಿತ್ತು. ತಮಟೆಯೂ ನಿಂತಿತು. ಊರಿಗೆ ಊರೇ ಆಕೆಯ ಮಾತು ಮುಗಿಯಲಿ ಅಂತ ಬಿಸಿಲಲ್ಲಿ ನಿಂತಿತು. ಕೊನೆಗೆ ಆಕೆ ತಿರುಗಿ, ನೋಡಿ, ನಾಲಗೆ ಕಚ್ಚಿಕೊಂಡು, ಹೂಂ ಹೂಂ ಅಂತ ತಲೆಯಾಡಿಸಿದಳು. ಅವನು ದಾಟಿದ. ಮೂರನೇ ಸಲ ಆಕೆ ಮೊದಲೇ ತಲೆಯಾಡಿಸುತ್ತಾ ಕಾಯುತ್ತಿದ್ದಳು. ಮೂರನೇ ಸಲಕ್ಕೆ ಅದು ಅವನಿಗೆ ರೂಢಿಯಾಗಿತ್ತು. ರೂಢಿಯಾಯಿತಲ್ಲ ಅನ್ನುವುದೇ ಹೆಚ್ಚು ನೋಯಿತು.

ಮೂರು ಸುತ್ತು ಮುಗಿದ ಮೇಲೆ, ನೇಗಿಲು ಕೊನೆಗೆ ಹೊರಳಿದ ಜಾಗದಿಂದ ಒಂದು ಹಿಡಿ ಮಣ್ಣು ತೆಗೆದು ಮನೆಯ ದೇವರ ಮುಂದೆ ಇಡಬೇಕು. ಪುಟ್ಟಸ್ವಾಮಿ ಬೃಂದಾಳ ಸೈಟಿಗೆ ಹೋಗಿ ಬಗ್ಗಿದ, ಬಗ್ಗಿದವನು ತಲೆಯೆತ್ತಿ ನೋಡಿದ, ಆಕೆ ತಗೊಳ್ಳಿ ಅನ್ನುವಂತೆ ಕೈ ಮಾಡಿದಳು, ತೆಗೆದುಕೊಂಡ. ತಮಟೆ ಜೋರಾಯಿತು. ನೇಗಿಲುಗಳು ಚದುರಿದವು, ಒಂದು ಕೆರೆ ಕಡೆಗೆ, ಒಂದು ದಿಣ್ಣೆ ಕಡೆಗೆ, ಎಲ್ಲರಿಗೂ ಹೋಗಲು ಒಂದು ಕಡೆಯಿತ್ತು. ಸಣ್ಣಬೀರಯ್ಯ ಎತ್ತಿನ ಹಗ್ಗ ಕೈಗೆ ತಗೊಂಡು, "ಚೆಂದಾಗೇ ಆಯ್ತು ಬುಡ್ಲಾ," ಅಂದು ತನ್ನ ಹೊಲದ ಕಡೆ ಹೊಡೆದುಕೊಂಡು ಹೋದ. ಶಶಿಕುಮಾರ್ ಹಿಂದಿನಿಂದ ಬಂದು ಸೈಟಿನಲ್ಲಿ ಎತ್ತಿನ ಗೊರಸು ಮೂಡಿದಲ್ಲೆಲ್ಲ ಚಪ್ಪಲಿಯಲ್ಲಿ ಒತ್ತಿ ಒತ್ತಿ ಸಮ ಮಾಡುತ್ತಿದ್ದ.

ಮನೆಗೆ ಬರುವ ದಾರಿಯಲ್ಲಿ ಪುಟ್ಟಸ್ವಾಮಿಯ ಬೆರಳ ಸಂದಿಯಿಂದ ಮಣ್ಣು ಉದುರುತ್ತಿತ್ತು. ಇನ್ನೊಂದು ಕೈ ಕೆಳಗೆ ಹಿಡಿದು ನಡೆದ. ಬಿಸಿಲು ಏರಿತ್ತು, ಪ್ರತಿ ಮನೆಯ ಮುಂದೆಯೂ ತೋರಣ, ಒಬ್ಬಟ್ಟಿನ ಹೂರಣದ ವಾಸನೆ. ಎಲ್ಲ ಹಾಗೇ ಇತ್ತು, ಬೋರ್ಡಿನಲ್ಲಿ ಬರೆದ ಹಾಗೇ. ಜಯಲಕ್ಷ್ಮಮ್ಮ ಹೊಸ್ತಿಲಲ್ಲಿ ನಿಂತಿದ್ದಳು, ಚೊಂಬಿನಲ್ಲಿ ಅರಿಶಿನದ ನೀರು, ಹಬ್ಬದ ಸೀರೆ, ಮುಖದಲ್ಲಿ ಹೊಸ ಮದುವಣಗಿತ್ತಿಯ ಹಾಗೆ ಒಂದು ನಗು. ಮಣ್ಣು ತಂದವನನ್ನು ಸುಮ್ಮನೆ ಒಳಗೆ ಬಿಡುವುದಿಲ್ಲ ಈ ಊರಲ್ಲಿ. ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಕೇಳುತ್ತಾರೆ. ನಮ್ಮ ಹೊಲದ್ದು ಅಂದ ಮೇಲೆ ಕಾಲಿಗೆ ನೀರು ಹಾಕಿ ದಾರಿ ಬಿಡುತ್ತಾರೆ.

"ಯಾರ ಹೊಲದ ಮಣ್ಣು ತಂದ್ರಿ?" ಅಂತ ಕೇಳಿದಳು, ನಗುವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾ.

ಪುಟ್ಟಸ್ವಾಮಿ ಬೊಗಸೆಯನ್ನು ನೋಡಿಕೊಂಡ. ದೇವರ ಮುಂದೆ ಇಡುವ ಮಣ್ಣು, ಅದರ ಮೇಲೆ ಸುಳ್ಳು ಹೇಳಲಾಗಲಿಲ್ಲ.

"ಬೃಂದಮ್ನೋರ ಹೊಲದ್ದು ಕಣೆ," ಅಂದ. "ಕೇಳ್ಕಂಡೇ ತಂದೆ."

ಜಯಲಕ್ಷ್ಮಮ್ಮ ಚೊಂಬು ಹಿಡಿದುಕೊಂಡು ಹಾಗೇ ನಿಂತಳು. ಕಾಲಿಗೆ ನೀರು ಹಾಕಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.